ಎಂಟೂ ಮನೆಯಲ್ಲೇ ಇವೆ

ಹನ್ನೊಂದನೆಯ ಕಂತು

"ಇನ್ನೊಂದು ಸಲ ಎಣಿಸಿ," ಎಂದಳು ಕೊಕ್ಕೆ.

"ಮೂರು ಸಲ ಆಯ್ತು ಮೇಡಂ. ಎಣಿಸಿದಷ್ಟೂ ಮರಿ ಹಾಕೋಕೆ ಇವೇನು ಮೊಲಗಳಾ?" ಎಂದು ಹೃದಯದ ಪಂಪಿನ ರೋಗಿಗಳ ನರ್ಸ್ ಬೇಸರದಿಂದಲೇ ಮತ್ತೆ ಬೆರಳಿಟ್ಟಳು. "ಒಂದು, ಎರಡು, ಮೂರು, ನಾಲ್ಕು ಚಾರ್ಜರಿನಲ್ಲಿ. ಐದು, ಆರು, ಏಳು, ಎಂಟು ಕಪಾಟಿನಲ್ಲಿ. ಆಸ್ಪತ್ರೆ ಕೊಟ್ಟಿದ್ದು ಎಂಟು. ಎಂಟೂ ಇಲ್ಲೇ ಇವೆ."

ಮಂಗಳವಾರ ಬೆಳಿಗ್ಗೆ ಈ ಮನೆಯಿಂದ ಹೊರಬಿದ್ದ ಲಿಫ್ಟ್ ಮೇಸ್ತ್ರಿ ಗುರುವಾರ ಹತ್ತು ಗಂಟೆ ಸಮೀಪಿಸಿದರೂ ಮರಳಿರಲಿಲ್ಲ.

ತನಿಖಾಧಿಕಾರಿಣಿಗೆ ಇಲಾಖೆಯಲ್ಲಿ ಕೊಕ್ಕೆ ಎಂದೇ ಹೆಸರು. ಯಾವ ಕಡತ ಕೊಟ್ಟರೂ ಅದರಲ್ಲೊಂದು ಕೊಕ್ಕೆ ತೆಗೆಯದೆ ಹಿಂದಿರುಗಿಸುವವಳಲ್ಲ. ಆದರೆ ಈ ಎಂಟು ಬ್ಯಾಟರಿಗಳ ಎದುರು ಅವಳ ಕೊಕ್ಕೆಗೆ ಸಿಕ್ಕಿಕೊಳ್ಳಲು ಏನೂ ದೊರೆಯುತ್ತಿರಲಿಲ್ಲ.

ಮೇಸ್ತ್ರಿಯ ಎದೆಯಲ್ಲಿ, ಹೃದಯದ ಎಡಭಾಗದ ತುದಿಗೆ, ಮುಷ್ಟಿಗಿಂತ ಚಿಕ್ಕದಾದ ಒಂದು ಪಂಪನ್ನು ಎರಡು ವರ್ಷಗಳ ಹಿಂದೆ ಕೂರಿಸಲಾಗಿತ್ತು. ಸೋತ ಹೃದಯ ತಳ್ಳಲಾರದ ರಕ್ತವನ್ನು ಅದು ಬಿಡುವಿಲ್ಲದೆ ತಿರುಗುತ್ತಾ ಮೈಗೆಲ್ಲ ತಳ್ಳುತ್ತಿತ್ತು. ಅದರಿಂದ ಹೊರಟ ಕೇಬಲ್ ಹೊಟ್ಟೆಯ ಚರ್ಮದ ಮೂಲಕ ಆಚೆ ಬಂದು, ಸೊಂಟದಲ್ಲಿದ್ದ ನಿಯಂತ್ರಕಕ್ಕೆ ಸೇರುತ್ತಿತ್ತು. ನಿಯಂತ್ರಕಕ್ಕೆ ಎರಡು ಬ್ಯಾಟರಿ. ರಾತ್ರಿ ಮಲಗಿದಾಗ ಗೋಡೆಯ ವಿದ್ಯುತ್ತು, ಹಗಲಿಗೆ ಒಂದು ಜೋಡಿ.

"ಬ್ಯಾಟರಿ ಇಲ್ಲದೆ ಎಷ್ಟು ಹೊತ್ತು?"

"ನಿಯಂತ್ರಕದ ಒಳಗೇ ಒಂದು ಪುಟ್ಟ ಬ್ಯಾಟರಿ ಇರುತ್ತೆ. ಹದಿನೈದು ನಿಮಿಷ. ಆಮೇಲೆ ಅವರ ಸ್ವಂತ ಹೃದಯ ಎಷ್ಟು ಎಳೆಯುತ್ತೋ ಅಷ್ಟು. ಕೆಲವರು ಗಂಟೆಗಟ್ಟಲೆ ತಡೀತಾರೆ. ಇವರ ಹೃದಯದ ಮೇಲೆ ನಾನಂತೂ ಹತ್ತು ನಿಮಿಷದ ಭರವಸೇನೂ ಇಡಲ್ಲ."

ಬ್ಯಾಟರಿಯಿಲ್ಲದೆ ಹೊರಟವನು ಎರಡು ಬೀದಿ ದಾಟುವುದರೊಳಗೆ ಬೀಳಬೇಕು. ಬಿದ್ದವನು ಯಾರ ಕಣ್ಣಿಗಾದರೂ ಬೀಳಬೇಕು. ಮೆಟ್ಟಿಲು, ಚರಂಡಿ, ಆಸ್ಪತ್ರೆ, ಶವಾಗಾರ, ಯಾವುದನ್ನೂ ಅವಳು ಬಿಟ್ಟಿರಲಿಲ್ಲ. ಹಾಗಾದರೆ ಮೇಸ್ತ್ರಿ ಹೋಗಲೇ ಇಲ್ಲವೇ? ಹೋಗದಿದ್ದರೆ ಎಲ್ಲಿದ್ದಾನೆ? ತಲೆಯೂ ಸಿಗದ, ಬುಡವೂ ಸಿಗದ ಲೆಕ್ಕ ಇದು.

ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಮೇಸ್ತ್ರಿಯ ಹೆಂಡತಿ ಕುಳಿತಿದ್ದಳು. ಗಂಡ ಕಾಣೆಯಾದ ಮೂರನೆಯ ದಿನವೂ ಅವಳ ಕೈ ನಿಂತಿರಲಿಲ್ಲ. ಹೊಲಿಯುತ್ತಿದ್ದುದು ಗಂಡನದೇ ಒಳಕೋಟು. ಎಡಕ್ಕೊಂದು ಬಲಕ್ಕೊಂದು ಬ್ಯಾಟರಿಯ ಜೇಬು, ಭಾರ ಹೆಗಲಿಗೆ ಹಂಚಿಹೋಗುವಂತೆ ಅಡ್ಡಪಟ್ಟಿ.

"ಈ ಪಂಪಿಗೆ ಮುಂಚೆ ಹೇಗಿದ್ರು?" ಕೊಕ್ಕೆ ಕೇಳಿದಳು.

"ಮೂರು ದಿಂಬು ಒರಗಿಸಿ ಕೂತೇ ನಿದ್ದೆ. ಆರು ಮೆಟ್ಟಿಲು ಹತ್ತಿದ್ರೆ ಏಳನೇದಕ್ಕೆ ದೇವರೇ ಗತಿ. ಹತ್ತೋರನ್ನೆಲ್ಲ ಮೇಲೆ ಕಳಿಸೋ ಮೇಸ್ತ್ರಿ ತಾನು ಮೇಲಕ್ಕೆ ಹೊರಟ ಅಂತ ಬಿಲ್ಡಿಂಗಿನವರೆಲ್ಲ ತಮಾಷೆ ಮಾಡ್ತಿದ್ರು." ಅವಳು ದಾರ ಕಚ್ಚಿ ಕತ್ತರಿಸಿದಳು. "ಪಂಪ್ ಕೂರಿಸಿದ ಮೇಲೆ ಅವರೇ ಹೇಳ್ತಿದ್ರು, 'ಮೋಟಾರ್ ಸುಟ್ಟಿಲ್ಲ ಕಣೆ, ಲೋಡ್ ಎಳೀತಿರಲಿಲ್ಲ. ಪಕ್ಕಕ್ಕೆ ಇನ್ನೊಂದು ಮೋಟಾರ್ ಕೂರಿಸಿದಾರೆ ಅಷ್ಟೆ' ಅಂತ. ಅವರ ಎದೆಗೆ ಕಿವಿ ಇಟ್ರೆ ನನ್ನ ಈ ಮೆಷಿನ್ನಿನದೇ ರಾಗ."

ಅವಳು ನಕ್ಕಳು. ನಗುವನ್ನು ತಕ್ಷಣ ನುಂಗಿದಳು. ಕೊಕ್ಕೆ ಎರಡನ್ನೂ ಗಮನಿಸಿದಳು. ಗಂಡ ಸತ್ತಿರಬಹುದೆಂದು ಬೆದರಿದವಳ ನಗು ಅದಾಗಿರಲಿಲ್ಲ.

ಗೋಡೆಯ ಮೇಲೆ ಗೆರೆ ಎಳೆದ ಹಾಳೆಗಳು ಒಂದರ ಕೆಳಗೊಂದು ತೂಗುತ್ತಿದ್ದವು. ಇಂದು ಒಂದು-ಎರಡು, ನಾಳೆ ಮೂರು-ನಾಲ್ಕು, ನಾಡಿದ್ದು ಐದು-ಆರು, ಆಚೆ ನಾಡಿದ್ದು ಏಳು-ಎಂಟು, ಮತ್ತೆ ಮೊದಲಿನಿಂದ. ಎರಡು ವರ್ಷ, ಪ್ರತಿದಿನ, ಒಂದೂ ತಪ್ಪದೆ, ಅವಳದೇ ಅಕ್ಷರದಲ್ಲಿ ಸರಿ ಗುರುತು.

"ನೀವೇ ಮಾಡಿದ್ದಾ?"

"ನಾಲ್ಕು ಜೋಡಿ ಚಪ್ಪಲಿ ಇದ್ರೂ ಒಂದನ್ನೇ ಸವೆಸೋ ಜಾತಿ ಅವರು. ಬ್ಯಾಟರಿಗೂ ಹಾಗೇ ಮಾಡಿದ್ರೆ? ಅದಕ್ಕೇ ಸರದಿ. ಎಂಟೂ ಸಮವಾಗಿ ಸವೀಬೇಕು."

ಕೊಕ್ಕೆ ಚಾರ್ಜರಿನತ್ತ ತಿರುಗಿದಳು. "ಸಿಸ್ಟರ್, ಈ ಗುಂಡಿ ಏನು?"

"ಒತ್ತಿದ್ರೆ ಆ ಬ್ಯಾಟರಿ ಇದುವರೆಗೆ ಎಷ್ಟು ಸಲ ಚಾರ್ಜ್ ಆಗಿದೆ ಅಂತ ತೋರಿಸುತ್ತೆ."

"ಒತ್ತಿ."

ಮೊದಲ ನಾಲ್ಕರ ಅಂಕಿಗಳನ್ನು ಕೊಕ್ಕೆ ಬರೆದುಕೊಂಡಳು. ನೂರ ಎಂಬತ್ತೆರಡು, ನೂರ ಎಂಬತ್ತೆರಡು, ನೂರ ಎಂಬತ್ತೊಂದು, ನೂರ ಎಂಬತ್ತೊಂದು. ನಾಲ್ಕು ದಿನಕ್ಕೊಮ್ಮೆಯಂತೆ ಎರಡು ವರ್ಷ, ಸರಿಯಾಗಿತ್ತು. ಆಮೇಲೆ ಕಪಾಟಿನ ನಾಲ್ಕನ್ನು ಕೂರಿಸಿ ಗುಂಡಿ ಒತ್ತಿದರು.

ಅರವತ್ತೊಂದು. ಅರವತ್ತೊಂದು. ಅರವತ್ತು. ಅರವತ್ತು.

ಹೊಲಿಗೆ ಯಂತ್ರ ನಿಂತಿತು.

"ಎಂಟನ್ನೂ ಕೊಟ್ಟಿದ್ದು ಒಂದೇ ದಿನ ತಾನೇ ಸಿಸ್ಟರ್?"

"ಒಂದೇ ದಿನ. ನಾನೇ ಸಹಿ ಹಾಕಿಸಿಕೊಂಡಿದ್ದು." ನರ್ಸಿನ ಹುಬ್ಬು ಗಂಟಿಕ್ಕಿತು. "ಇದು ಹೇಗೆ ಸಾಧ್ಯ?"

ಕೊಕ್ಕೆ ಕುರ್ಚಿಯೊಂದನ್ನು ಎಳೆದು ಹೆಂಡತಿಯ ಎದುರಿಗೇ ಕುಳಿತಳು. "ಹೇಳಿ. ಗೋಡೆ ಸುಳ್ಳು ಹೇಳ್ತಿದೆಯೋ, ಬ್ಯಾಟರಿ ಸುಳ್ಳು ಹೇಳ್ತಿದೆಯೋ?"

"ಐದರಿಂದ ಎಂಟು ಅಷ್ಟಾಗಿ ಬಳಸ್ತಿರಲಿಲ್ಲ."

"ಈಗ ತಾನೇ ಸಮವಾಗಿ ಸವೀಬೇಕು ಅಂದ್ರಿ."

"ಬಾಯಿಗೆ ಬಂದಿದ್ದು ಅಂದೆ. ಹೊಲಿಯೋಳ ಮಾತು, ಕೋರ್ಟಿನ ಮಾತಲ್ಲ."

"ಹೊಲಿಯೋಳ ಅಂಟಿಸೋ ಕೆಲಸವೂ ಚೆನ್ನಾಗಿದೆ." ಕೊಕ್ಕೆ ಐದನೆಯ ಬ್ಯಾಟರಿಯನ್ನು ಅವಳ ಮಡಿಲಲ್ಲಿಟ್ಟಳು. "ಒಂದರಿಂದ ನಾಲ್ಕರ ಮೇಲೆ ಅಂಟಿಸಿದ ನಂಬರ್ ಚೀಟಿಗಳು ಎರಡು ವರ್ಷದ ಬೆವರಿಗೆ ಹಳದಿಯಾಗಿವೆ. ಇದು ಹಾಲಿನ ಹಾಗೆ ಬಿಳಿ. ಸಿಸ್ಟರ್, ಇದರ ಕ್ರಮಸಂಖ್ಯೆ ನೋಡಿ. ಯಾರಿಗೆ ಕೊಟ್ಟಿದ್ದು?"

ನರ್ಸ್ ತನ್ನ ಪಟ್ಟಿಯನ್ನು ತೆರೆದು ಬೆರಳಾಡಿಸಿದಳು. ಬೆರಳು ಒಂದೆಡೆ ನಿಂತಿತು.

"ಟೀಚರಮ್ಮಂದು," ಎಂದಳು ಮೆಲ್ಲಗೆ. "ಬೇಕರಿಯವರ ಹೆಂಡತಿ. ಎಂಟು ತಿಂಗಳು ಪಂಪಿನಲ್ಲಿದ್ರು, ಮೊನ್ನೆ ಬೇಸಿಗೆಯಲ್ಲಿ ಸೋಂಕಾಗಿ ತೀರಿಕೊಂಡ್ರು. ಸಾಮಾನೆಲ್ಲ ವಾಪಸ್ ಕೊಡಿ ಅಂತ ಎರಡು ಸಲ ಕೇಳಿದೆ. 'ಮುಂದಿನ ವಾರ ಸಿಸ್ಟರ್' ಅಂತಾನೇ ಇದಾರೆ. ಅಡುಗೆಮನೇಲಿ ಆ ಚಾರ್ಜರಿನ ಹಸಿರು ದೀಪ ಆರಿಸೋಕೆ ಅವರಿಗೆ ಮನಸ್ಸಿಲ್ಲ."

ಕೆಳಗೆ ಬೀದಿಯಲ್ಲಿ ಯಾರೋ ಗಾಡಿಯನ್ನು ಹಿಂದಕ್ಕೆ ತೆಗೆಸುತ್ತಾ "ಬಿಡು, ಬಿಡು, ಇನ್ನೂ ಜಾಗ ಇದೆ" ಎಂದು ಕೂಗುತ್ತಿದ್ದರು.

"ನಾಲ್ಕು ಬ್ಯಾಟರಿ ತಗೊಂಡು ನಿಮ್ಮ ಯಜಮಾನರು ಹೋದ್ರು," ಎಂದಳು ಕೊಕ್ಕೆ. "ಆ ನಾಲ್ಕರ ಜಾಗಕ್ಕೆ ಸತ್ತವರ ನಾಲ್ಕು ಬಂತು. ಎಂಟು ತೋರಿಸಿ ಮೂರು ದಿನ ನನ್ನನ್ನ ಶವಾಗಾರ ಸುತ್ತಿಸಿದ್ರಿ. ಯಾಕಮ್ಮ?"

ಹೆಂಡತಿ ಕೋಟನ್ನು ಮಡಿಸಿ ಯಂತ್ರದ ಮೇಲಿಟ್ಟಳು. ಅಂಚಿಗೆ ಅಂಚು ಕೂಡಿಸಿ, ಬಹಳ ನಿಧಾನವಾಗಿ.

"ನಾಳೆ ಹನ್ನೊಂದು ಗಂಟೆಗೆ ಅವರು ಸಾಕ್ಷಿ ಹೇಳಬೇಕು. ಗೊತ್ತಲ್ಲ?"

ಗೊತ್ತಿತ್ತು. ಒಂಬತ್ತಂತಸ್ತಿನ ಕಟ್ಟಡದಲ್ಲಿ ಲಿಫ್ಟಿನ ಹಗ್ಗ ತುಂಡಾಗಿ ಇಬ್ಬರು ಸತ್ತಿದ್ದರು. ಹಗ್ಗದ ಎಳೆಗಳು ಬಿಚ್ಚುತ್ತಿವೆಯೆಂದು ತಾನು ಮೂರು ಸಲ ಬರೆದುಕೊಟ್ಟಿದ್ದೆ ಎಂಬುದು ಮೇಸ್ತ್ರಿಯ ಮಾತು. ಒಂದು ಪತ್ರವೂ ಬಂದಿಲ್ಲವೆಂಬುದು ಕಟ್ಟಡದ ಯಜಮಾನನ ಮಾತು.

"ಸೋಮವಾರ ಮಾರ್ಕೆಟ್ ಮೆಟ್ಟಿಲ ಮೇಲೆ ಜನದ ಮಧ್ಯೆ ಯಾರೋ ಕೈ ಹಾಕಿ ಎಳೆದ್ರು. ಅಂಗಿ ಅಲ್ಲ ಮೇಡಂ, ಜೇಬಲ್ಲ. ಕೇಬಲ್. ಅಂಗಿ ಒಳಗಿರೋ ಕೇಬಲ್. ಎಳೆದೋನಿಗೆ ಅದು ಎಲ್ಲಿದೆ ಅಂತ ಗೊತ್ತಿತ್ತು. ಸಿಸ್ಟರೇ ಬಂದು ಗಾಯಕ್ಕೆ ಪಟ್ಟಿ ಹಾಕಿದ್ರು, ಕೇಳಿ."

ನರ್ಸ್ ತಲೆಯಾಡಿಸಿದಳು.

"ಪೊಲೀಸಿಗೆ ಹೇಳಬಹುದಿತ್ತು."

"ಹೇಳಿದ್ರೆ ಬಾಗಿಲಿಗೊಬ್ಬ ಪೇದೆ ಬರ್ತಿದ್ದ. ಪೇದೆ ಇದ್ದಾನೆ ಅಂದ್ರೆ ಒಳಗೆ ಆಳು ಇದ್ದಾನೆ ಅಂತ ಊರಿಗೇ ಗೊತ್ತು. ಬ್ಯಾಟರಿ ಕಡಿಮೆ ಇದೆ ಅಂದ್ರೂ ಅಷ್ಟೆ, ಎಲ್ಲೋ ಬದುಕಿದಾನೆ ಅಂತ ಅರ್ಥ. ಚಾರ್ಜರ್ ಇರೋ ಮನೆ ಎಲ್ಲಿದೆ ಅಂತ ಹುಡುಕ್ತಾರೆ. ಎಂಟೂ ಮನೇಲೇ ಇದ್ರೆ ಸತ್ತ ಅಂತ ಲೆಕ್ಕ." ಅವಳು ಮೊದಲ ಬಾರಿಗೆ ಕೊಕ್ಕೆಯ ಕಣ್ಣಿಗೆ ಕಣ್ಣು ಕೊಟ್ಟಳು. "ಸತ್ತವನ ಕೇಬಲ್ ಯಾರು ಎಳೀತಾರೆ? ಮೂರು ದಿನ ಸತ್ತಿರಲಿ, ನಾಲ್ಕನೇ ದಿನ ಎದ್ದು ಬಂದು ಸಾಕ್ಷಿ ಹೇಳಲಿ ಅಂದುಕೊಂಡೆ."

ಕೊಕ್ಕೆಗೆ ಬೈಯಬೇಕೆನಿಸಿತು, ಮೆಚ್ಚಬೇಕೆಂದೂ ಅನಿಸಿತು. ಎರಡೂ ಒಟ್ಟಿಗೆ ಬಂದುದರಿಂದ ಯಾವುದನ್ನೂ ಮಾಡಲಿಲ್ಲ.

"ಈಗ ಬೇಕರಿಯವರ ಮನೇಲಿದ್ದಾರೆ. ಚಾರ್ಜರ್, ರಾತ್ರಿಗೆ ಗೋಡೆ ಕರೆಂಟು, ಎಲ್ಲಾ ಇದೆ."

"ಹ್ಞೂಂ. ಶುಕ್ರವಾರದವರೆಗೆ ಫೋನೂ ಮಾಡಬಾರದು ಅಂತ ಮಾತಾಗಿದೆ."

"ಮಾಡಿ," ಎಂದಳು ಕೊಕ್ಕೆ. "ಈಗಲೇ. ನನಗೆ ಅವರ ದನಿ ಕೇಳಬೇಕು."

ಹೆಂಡತಿ ಸ್ಪೀಕರ್ ಹಾಕಿದಳು. ಮೂರನೆಯ ರಿಂಗಿಗೆ ಬೇಕರಿಯವನು ಫೋನೆತ್ತಿದ. ಹಿಂದೆ ತಟ್ಟೆಗಳ ಸದ್ದು, ಗಿರಾಕಿಗಳ ಗದ್ದಲ.

"ಅಣ್ಣಾ, ನಾನು. ಅವರಿಗೆ ಕೊಡಿ ಒಂದು ನಿಮಿಷ."

"ಯಾರಿಗಕ್ಕಾ?"

"ಯಾರಿಗೆ ಅಂದ್ರೆ? ನಮ್ಮವರಿಗೆ."

ಆಚೆ ಕಡೆ ಗದ್ದಲ ದೂರವಾಯಿತು; ಅವನು ಬಾಗಿಲು ಮುಚ್ಚಿಕೊಂಡಿರಬೇಕು. "ಅಕ್ಕಾ, ಅವರು ನಿನ್ನೆ ಸಂಜೇನೇ ಹೊರಟ್ರಲ್ಲ. ಆರು ಗಂಟೆಗೆ. ಮನೆಗೆ ಬಂದಿಲ್ವಾ?"

ಹೆಂಡತಿಯ ಕೈಯಿಂದ ಫೋನ್ ಜಾರಿತು. ಕೊಕ್ಕೆ ಅದನ್ನು ಹಿಡಿದುಕೊಂಡಳು. "ಒಬ್ಬರೇ ಹೊರಟ್ರಾ?"

"ನೀವ್ಯಾರು?"

"ಅವರನ್ನ ಹುಡುಕ್ತಿರೋಳು. ಹೇಳಿ."

"ಒಬ್ಬರು ಬಂದು ಕರಕೊಂಡು ಹೋದ್ರು. ವಯಸ್ಸಾದೋರು, ಮರ್ಯಾದಸ್ಥರ ಹಾಗಿದ್ರು. ಮೇಸ್ತ್ರಿ ಚಾರ್ಜ್ ತುಂಬಿದ ಜೋಡಿ ಬ್ಯಾಟರಿ ಹಾಕ್ಕೊಂಡು ಎದ್ರು. 'ಅಣ್ಣಾ, ಬ್ಯಾಗು' ಅಂತ ನಾನೇ ನೆನಪಿಸ್ದೆ. ನನ್ನ ಹೆಂಡ್ತಿ ಆ ಬ್ಯಾಗು ಬಿಟ್ಟು ಬಚ್ಚಲಿಗೂ ಹೋದೋಳಲ್ಲ. ಇವರು ನಕ್ಕರು. 'ಅವರ ಹತ್ರ ಇದೆ, ಒಂದು ಸಾಕು' ಅಂದ್ರು. ಬ್ಯಾಗು ಇಲ್ಲೇ ಕುರ್ಚಿ ಮೇಲಿದೆ."

ಬ್ಯಾಗಿನಲ್ಲಿರುವುದು ಬದಲಿ ನಿಯಂತ್ರಕ ಮತ್ತು ಬದಲಿ ಜೋಡಿ. ಅದನ್ನು ಕೈಯಳತೆಯಿಂದ ಆಚೆ ಇಡಬಾರದೆಂಬುದು ಪಂಪಿನವರಿಗೆ ಹೇಳಿಕೊಡುವ ಮೊದಲ ಪಾಠ.

"'ಅವರ ಹತ್ರ ಇದೆ' ಅಂದ್ರೆ?"

"ಬಂದವರ ಕೈಯಲ್ಲೂ ಅಂಥದ್ದೇ ಬ್ಯಾಗು, ಮೇಡಂ. ಇಬ್ಬರೂ ಅಂಗಿ ಎತ್ತಿ ಕೇಬಲ್ ತೋರಿಸಿಕೊಂಡು ಮಕ್ಕಳ ಹಾಗೆ ನಕ್ಕರು. ದಿನಾ ಸಂಜೆ ಫೋನಲ್ಲಿ ಮಾತಾಡ್ತಿದ್ರಲ್ಲ, 'ಹೊಸ ಪಂಪು' ಅಂತ, ಅವರೇ. ಮಂಗಳವಾರ ನನ್ನ ಫೋನಿಂದಲೂ ಮಾಡಿದ್ರು."

ಕೊಕ್ಕೆ ನರ್ಸಿನತ್ತ ತಿರುಗಿದಳು. ನರ್ಸಿನ ಮುಖದಲ್ಲಿ ರಕ್ತವಿರಲಿಲ್ಲ.

"ಹೊಸ ಪಂಪು ಯಾರು ಸಿಸ್ಟರ್?"

"ರೋಗಿಗಳ ಹೆಸರು ನಾನು…"

"ಒಂದು ಜೀವ ಹೋಗ್ತಿದೆ. ಅಡ್ಡಗೋಡೆ ಮೇಲೆ ದೀಪ ಇಡಬೇಡಿ."

"ಆಪರೇಷನ್ನಿಗೆ ಮುಂಚೆ ಎಲ್ಲರೂ ಹೆದರ್ತಾರೆ," ಎಂದು ನರ್ಸ್ ಶುರುಮಾಡಿದಳು. "ಹಳೇ ಪಂಪಿನವರ ಕೈಲಿ ಹೊಸಬರಿಗೆ ಫೋನಲ್ಲಿ ಧೈರ್ಯ ಹೇಳಿಸ್ತೀವಿ. ಹೆಸರು ಹೇಳಲ್ಲ, ಹೇಳಬಾರದು. ಒಬ್ಬರು ಆಪರೇಷನ್ ಬೇಡವೇ ಬೇಡ, ಸಾಯ್ತೀನಿ ಅಂತ ಹಟ ಹಿಡಿದಿದ್ರು. ಮೇಸ್ತ್ರಿ ನಲವತ್ತು ನಿಮಿಷ ಮಾತಾಡಿದ್ರು. ಮಾರನೇ ದಿನ ಒಪ್ಪಿಕೊಂಡ್ರು. ಆರು ವಾರ ಆಯ್ತು ಪಂಪ್ ಕೂರಿಸಿ." ಅವಳು ಪಟ್ಟಿಯನ್ನು ಮುಚ್ಚಿದಳು. "ಒಂಬತ್ತಂತಸ್ತಿನ ಯಜಮಾನರು."

"ಅವನಾ?" ಹೆಂಡತಿಯ ದನಿ ಒಡೆಯಿತು. "ಅವನ ಎದೇಲೂ ಇದೇ ಮೆಷಿನ್ನಾ? ನಮ್ಮವರೇ ಬುದ್ಧಿ ಹೇಳಿ ಉಳಿಸಿದ್ದಾ ಅವನನ್ನ?"

"ಅವರಿಬ್ಬರಿಗೂ ಗೊತ್ತಿರಲಿಲ್ಲ."

"ನಿಮಗೆ ಗೊತ್ತಿತ್ತಲ್ಲ!"

ಕೊಕ್ಕೆಯ ತಲೆಯಲ್ಲಿ ಒಂದು ಗಂಟು ಬಿಚ್ಚುವುದರೊಳಗೆ ಮೂರು ಬಿಗಿದಿದ್ದವು. ಹಾವು ತಾನೇ ಮುಂಗುಸಿಯ ಬಿಲಕ್ಕೆ ಬಂದು, ಕೈ ಹಿಡಿದು, ನಗುತ್ತಾ ಕರೆದುಕೊಂಡು ಹೋಗಿದೆ. ಗೊತ್ತಿದ್ದು ಬಂದನೇ, ಗೊತ್ತಿಲ್ಲದೆಯೇ? ಮುಖ ನೋಡಿದ ಕೂಡಲೇ ಮೇಸ್ತ್ರಿ ಗುರುತು ಹಿಡಿಯಬೇಕಿತ್ತಲ್ಲವೇ?

"ನಮ್ಮವರು ಅವನ ಮುಖ ಎಲ್ಲಿ ನೋಡಿದಾರೆ?" ಹೆಂಡತಿ ತಾನಾಗಿಯೇ ಹೇಳಿದಳು. "ಕಟ್ಟಡದ ವ್ಯವಹಾರವೆಲ್ಲ ಮ್ಯಾನೇಜರಿಂದು. ಪತ್ರ ಕೊಟ್ಟಿದ್ದೂ ಮ್ಯಾನೇಜರ್ ಕೈಗೇ."

ಕೊಕ್ಕೆ ಅದನ್ನು ಬರೆದುಕೊಂಡು, ಕೆಳಗೆ ದಪ್ಪನೆಯ ಗೆರೆ ಎಳೆದಳು. ಆಮೇಲೆ ಗಡಿಯಾರ ನೋಡಿದಳು. ಹತ್ತು ಗಂಟೆ ಹತ್ತು ನಿಮಿಷ.

"ಒಂದು ಜೋಡಿ ಎಷ್ಟು ಗಂಟೆ ನಡೆಯುತ್ತೆ?"

"ಹದಿನಾಲ್ಕು. ಅದೃಷ್ಟ ಇದ್ರೆ ಹದಿನಾರು."

ನಿನ್ನೆ ಸಂಜೆ ಆರಕ್ಕೆ ಹದಿನಾರು ಸೇರಿಸಿದರೆ ಹತ್ತು. ಅದೃಷ್ಟವನ್ನೂ ಲೆಕ್ಕಕ್ಕೆ ಹಿಡಿದರೆ ಮೇಸ್ತ್ರಿಯ ಗಡುವು ಹತ್ತು ನಿಮಿಷಗಳ ಹಿಂದೆಯೇ ಮುಗಿದಿತ್ತು. ಒಂದು ಬ್ಯಾಗು, ಒಂದು ಬದಲಿ ಜೋಡಿ, ಇಬ್ಬರು ಗಂಡಸರು. ಆ ಜೋಡಿ ಯಾರ ಕೋಟಿನಲ್ಲಿದೆ?

ಅಷ್ಟರಲ್ಲಿ ನರ್ಸಿನ ಸೊಂಟದಲ್ಲಿದ್ದ ಎರಡನೆಯ ಫೋನ್ ಅರಚಿತು. ಹಗಲೂ ರಾತ್ರಿ ಪಂಪಿನ ರೋಗಿಗಳಿಗಾಗಿಯೇ ಇಟ್ಟ ತುರ್ತು ಫೋನ್ ಅದು. ಪರಿಚಯವಿಲ್ಲದ ಸಂಖ್ಯೆ. ಕೊಕ್ಕೆ ಸನ್ನೆ ಮಾಡಿದಳು. ನರ್ಸ್ ದನಿಯನ್ನು ಎಲ್ಲರಿಗೂ ಕೇಳುವಂತೆ ತೆರೆದಳು.

ಮೊದಲು ಕೇಳಿಸಿದ್ದು ಮನುಷ್ಯನ ದನಿಯಲ್ಲ. ಎಡೆಬಿಡದ ಒಂದು ಕೂಗು. ನಿಯಂತ್ರಕ ಕೊನೆಯ ಹದಿನೈದು ನಿಮಿಷಕ್ಕೆ ಬಂದಾಗ ಹಾಕುವ ಕೂಗು.

"ಸಿಸ್ಟರ್?" ಮುದಿ ದನಿ, ಪಿಸುಗುಟ್ಟುತ್ತಿತ್ತು. "ಇಷ್ಟು ಹೊತ್ತಿಗೆ ಸಿಗ್ನಲ್ ಸಿಕ್ತು. ಕೂಗ್ತಿರೋದು ನಂದಲ್ಲ, ಅವರದ್ದು. ಕಣ್ಣು ಬಿಡ್ತಿಲ್ಲ. ನಾನು ಬೆಳಿಗ್ಗೆ ಆರಕ್ಕೆ ಬದಲಿ ಜೋಡಿ ಹಾಕ್ಕೊಂಡೆ, ಎರಡೂ ನನ್ನ ಮೈಮೇಲಿವೆ. ಒಂದು ತೆಗೆದು ಅವರಿಗೆ ಹಾಕಿದ್ರೆ… ನಾನು ಸಾಯ್ತೀನಾ?"

"ಇಲ್ಲ!" ನರ್ಸ್ ಕಿರುಚಿದಳು. "ಸಾಯಲ್ಲ, ಒಂದರಲ್ಲೂ ಓಡುತ್ತೆ!"

"ನೀವೇ ಹೇಳಿದ್ರಿ, ಒಂದು ತೆಗೆದ್ರೆ ನಿಮಿಷದೊಳಗೆ ಇನ್ನೊಂದು ಹಾಕಲೇಬೇಕು ಅಂತ. ತರಬೇತಿ ಪರೀಕ್ಷೇಲಿ ಹತ್ತು ಸಲ ಹೇಳಿಸಿದ್ರಿ. ಅದಕ್ಕೇ ನಾನು… ಇಷ್ಟು ಹೊತ್ತು…"

"ಅದು ಮೈಮರೆಯಬಾರದು ಅಂತ ಹೇಳೋದು ಸ್ವಾಮಿ! ಒಂದು ತೆಗೀರಿ, ಒಂದೇ. ನಿಮ್ಮದೂ ಕೂಗುತ್ತೆ, ಹೆದರಬೇಡಿ. ಅವರ ಸತ್ತ ಬ್ಯಾಟರಿ ಒಂದನ್ನ ಎಳೆದು ಇದನ್ನ ತಿರುಗಿಸಿ ಕೂರಿಸಿ. ಬಾಣಕ್ಕೆ ಬಾಣ ಸೇರಬೇಕು. ಈಗಲೇ!"

ಹೆಂಡತಿ ಗೋಡೆಗೆ ಒರಗಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು.

ಏನೋ ಉಜ್ಜಿದ ಸದ್ದು. ಏದುಸಿರು. ಇನ್ನೊಂದು ಕೂಗು ಮೊದಲನೆಯದಕ್ಕೆ ಜೊತೆಯಾಯಿತು, ತುಂಡುತುಂಡಾಗಿ, ಬೇರೆ ಶ್ರುತಿಯಲ್ಲಿ. ಲೋಹಕ್ಕೆ ಲೋಹ ಸೇರಿದ ಚಿಕ್ಕ ಶಬ್ದ. ಎಡೆಬಿಡದ ಕೂಗು ಕತ್ತರಿಸಿದಂತೆ ನಿಂತಿತು.

"ನಿಂತಿತು," ಎಂದಿತು ಮುದಿ ದನಿ. "ಸಿಸ್ಟರ್, ಹಸಿರು ಬಂತು."

ನಾಲ್ಕು ಗಂಟೆ ಬಳಸಿದ ಜೋಡಿ. ಈಗ ತಲೆಗೊಂದೊಂದು ಬ್ಯಾಟರಿ. ಕೊಕ್ಕೆ ಕಾಗದದ ಮೇಲೆ ಬರೆದಳು: ಇಬ್ಬರಿಗೂ ಸಂಜೆ ನಾಲ್ಕು, ಅದೃಷ್ಟವೂ ಸೇರಿ. ಆಮೇಲೆ ಫೋನಿನತ್ತ ಬಾಗಿದಳು. "ಎಲ್ಲಿದ್ದೀರಿ?"

"ಎಲ್ಲಿ ಅಂತ ಗೊತ್ತಿಲ್ಲ. ಕಿಟಕಿ ಇಲ್ಲ. ಬಾಗಿಲು ಆಚೆಯಿಂದ ಹಾಕಿದೆ."

"ಕರಕೊಂಡು ಬಂದಿದ್ದು ಯಾರು?"

ದನಿ ತಡವರಿಸಿತು, ಕೇಳಿದ ಪ್ರಶ್ನೆಯೇ ಅರ್ಥವಾಗದವನಂತೆ. "ಆಸ್ಪತ್ರೆ ಗಾಡಿ. ನನ್ನನ್ನ ಮನೆಯಿಂದ ಕರಕೊಂಡು, ದಾರೀಲಿ ಅವರನ್ನೂ ಹತ್ತಿಸಿಕೊಂಡ್ರು. ಇಬ್ಬರ ಪಂಪೂ ಪರೀಕ್ಷೆ ಮಾಡಬೇಕು ಅಂತ. ಸಿಸ್ಟರ್, ಗಾಡಿ ಕಳಿಸಿದ್ದು ನೀವೇ ಅಲ್ವಾ? ನಿಮ್ಮ ಸಹಿ ಇರೋ ಚೀಟಿ ನೋಡೇ ನಾನು—"

ಫೋನ್ ಸತ್ತಿತು.

ನರ್ಸ್ ಅದನ್ನೇ ದಿಟ್ಟಿಸುತ್ತಿದ್ದಳು. "ನಾನು ಕಳಿಸಿಲ್ಲ," ಎಂದಳು. "ಯಾವ ಗಾಡೀನೂ… ಮೇಡಂ, ನಾನು ಯಾವ ಚೀಟಿಗೂ ಸಹಿ ಹಾಕಿಲ್ಲ."

ಇಪ್ಪತ್ತು ವರ್ಷ ಮುಖಗಳನ್ನು ಓದಿದ ಕೊಕ್ಕೆಗೆ ಆ ಮುಖ ಓದಲಾಗಲಿಲ್ಲ. ಈಗಷ್ಟೇ ಒಂದು ಜೀವ ಉಳಿಸಿದ ಮುಖ ಅದು. ಯಾರ ಎದೆಯಲ್ಲಿ ಯಾವ ಪಂಪಿದೆ, ಯಾರ ಕೇಬಲ್ ಎಲ್ಲಿಂದ ಹೊರಬರುತ್ತದೆ, ಇಬ್ಬರ ಬಗೆಗೂ ಬಲ್ಲ ಒಂದೇ ಒಂದು ಮುಖ ಕೂಡ.

ನರ್ಸ್ ತನ್ನ ಚೀಲವನ್ನು ಹೆಗಲಿಗೇರಿಸಿ ಬಾಗಿಲಿನತ್ತ ಹೆಜ್ಜೆ ಇಟ್ಟಳು. "ಆಸ್ಪತ್ರೆಗೆ ಹೋಗಿ ಗಾಡಿಗಳ ಪಟ್ಟಿ ನೋಡ್ತೀನಿ. ಬಿಡಿ ನನ್ನ."

ಮೇಸ್ತ್ರಿಯ ಹೆಂಡತಿ ಅವಳಿಗಿಂತ ಮೊದಲೇ ಬಾಗಿಲು ತಲುಪಿದ್ದಳು. ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಎರಡು ವರ್ಷ ನಿನ್ನನ್ನ ಒಡಹುಟ್ಟಿದೋಳು ಅಂದುಕೊಂಡಿದ್ದೆ," ಎಂದಳು. "ನಾಲ್ಕು ಗಂಟೆವರೆಗೆ ಸಮಯ ಇದೆಯಂತೆ. ಕೂತ್ಕೋ. ಗಾಡಿ ಎಲ್ಲಿಗೆ ಹೋಯ್ತು ಹೇಳು."